ಹಡಗಿನ ಪ್ರವಾಸ: ಆರಿಸುವ ಮುನ್ನ ಹೊಟೇಲಿನವರ ಕಣ್ಣಿನಿಂದ ನೋಡೋಣ

ಇತ್ತೀಚೆಗೆ ನಮ್ಮ ಸದಸ್ಯರು ಎಲ್ಲಿ ಸೇರಿದರೂ ಕ್ರೂಸಿನ ಮಾತು ಬಂದೇ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಯಕ್ಷಗಾನದ ಎದುರು ಸಾಲಿನಲ್ಲಿ, ಮಾಸಿಕ ಸಭೆ ಮುಗಿದ ಮೇಲಿನ ಚಹಾದ ಹೊತ್ತಿನಲ್ಲಿ ಯಾರಾದರೊಬ್ಬರು ಮೊಬೈಲು ತೆಗೆದು ಬಿಳಿ ಹಡಗಿನ ಚಿತ್ರ ತೋರಿಸುತ್ತಾರೆ. ಅಸೋಸಿಯೇಷನ್ ವತಿಯಿಂದಲೇ ಒಂದು ಸಾಮೂಹಿಕ ಪ್ರವಾಸ ಹೊರಡಿಸಬೇಕು ಎಂಬ ಬೇಡಿಕೆಯೂ ಇದೆ. ಬಹಳ ಸಂತೋಷ. ಆದರೆ ಒಂದು ಸಂಗತಿ ನಮಗೆ ಆಶ್ಚರ್ಯ ತರುತ್ತದೆ. ಉದ್ದಿನ ಬೇಳೆಯ ಮೂಟೆ ಬಿಚ್ಚಿ, ಬೇಳೆಯನ್ನು ಅಂಗೈಯಲ್ಲಿ ಹರಡಿ, ಕಿಲೋಗೆ ಎರಡು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡುವ ನಾವು, ಮನೆಮಂದಿಯೆಲ್ಲ ಹೋಗುವ ಹಡಗನ್ನು ಮಾತ್ರ ಚಿತ್ರ ನೋಡಿ ಬುಕ್ ಮಾಡಿಬಿಡುತ್ತೇವೆ!

ಕ್ರೂಸ್ ಹಡಗೆಂದರೇನು? ನೀರಿನ ಮೇಲೆ ತೇಲುವ ಒಂದು ದೊಡ್ಡ ಹೊಟೇಲು. ಅಲ್ಲಿ ಅಡುಗೆಮನೆ ಇದೆ, ಸ್ಟೋರ್ ಇದೆ, ಸಪ್ಲಾಯರ್‌ಗಳಿದ್ದಾರೆ, ರೂಮಿದೆ, ಕೊನೆಗೆ ಬಿಲ್ಲೂ ಇದೆ. ಅಂದಮೇಲೆ ಅದನ್ನು ಆರಿಸುವುದು ನಮಗಿಂತ ಚೆನ್ನಾಗಿ ಬೇರೆ ಯಾರಿಗೆ ಬರಬೇಕು? ವೈದ್ಯರಿಗೋ ವಕೀಲರಿಗೋ ಗೊತ್ತಿಲ್ಲದ ಪ್ರಶ್ನೆಗಳು ನಮಗೆ ಗೊತ್ತು. ಅವನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು ಎಂಬುದೇ ಈ ಲೇಖನದ ಮುಖ್ಯ ಮಾತು.

ಇದೆಲ್ಲ ದುಂದು ಎನ್ನುವವರಿಗೆ

ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರು, "ಕಾಶಿ ರಾಮೇಶ್ವರಕ್ಕೆ ಹೋಗಿ ಬನ್ನಿ, ನೀರಿನ ಮೇಲೆ ಹಣ ಯಾಕೆ ಸುರಿಯುತ್ತೀರಿ?" ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಬಾಳಿ ತೋರಿಸಿದವರು ಅವರು. ಆದರೆ ನಮ್ಮ ಧಂದೆಯವರಿಗೆ ರಜೆ ಎಂದರೆ ಏನು ಎಂಬುದನ್ನೂ ಯೋಚಿಸಬೇಕು. ರಜೆ ಎಂದರೆ ಊರಿಗೆ ಹೋಗುವುದು. ಊರಿಗೆ ಹೋಗುವುದೆಂದರೆ ಬ್ರಹ್ಮಕಲಶ, ನೇಮ, ಮದುವೆ, ಇಲ್ಲವಾದರೆ ಜಾಗದ ಪಾಲಿನ ಮಾತುಕತೆ. ಅಲ್ಲಿಯೂ ನೂರು ಮಂದಿಯ ಊಟದ ಜವಾಬ್ದಾರಿ ನಮ್ಮ ತಲೆ ಮೇಲೆಯೇ ಬೀಳುತ್ತದೆ. "ನೀವು ಹೊಟೇಲಿನವರಲ್ಲವಾ" ಎಂದು ಬಡಿಸುವ ಸೌಟನ್ನು ನಮ್ಮ ಕೈಗೇ ಕೊಡುತ್ತಾರೆ. ಒಂದೇ ಕಡೆ ಕುಳಿತು, ಬೇರೆಯವರು ಬಡಿಸಿದ್ದನ್ನು ತಿಂದು, ಎರಡು ದಿನ ಮೊಬೈಲು ಹೊಡೆಯದೆ ಇರುವ ರಜೆ ನಮ್ಮಲ್ಲಿ ಎಷ್ಟು ಜನ ಕಂಡಿದ್ದಾರೆ?

ಹಡಗು ನಮಗೆ ಹೊಸತೂ ಅಲ್ಲ. ಘಟ್ಟದ ರಸ್ತೆಯ ಬಸ್ಸುಗಳು ಬರುವ ಮೊದಲು ಕರಾವಳಿಯಿಂದ ಮುಂಬಯಿಗೆ ಬಂದ ಹಿರಿಯರಲ್ಲಿ ಎಷ್ಟೋ ಮಂದಿ ಸ್ಟೀಮರ್ ಹತ್ತಿ ಬಂದವರು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿ, ಕಟ್ಟಿ ತಂದ ಅವಲಕ್ಕಿ ತಿಂದು, ವಾಂತಿ ಮಾಡಿಕೊಂಡು ಬಂದು ಇಳಿದು, ಮರುದಿನವೇ ಕಪ್ಪು ಬಸಿ ತೊಳೆಯಲು ನಿಂತವರು. ಅವರ ಮೊಮ್ಮಕ್ಕಳು ಅದೇ ಸಮುದ್ರದಲ್ಲಿ ಕುರ್ಚಿ ಹಾಕಿ ಕುಳಿತು ಕಾಫಿ ಕುಡಿದರೆ ಅದರಲ್ಲಿ ತಪ್ಪೇನಿಲ್ಲ. ದೇಶ ಸುತ್ತು, ಕೋಶ ಓದು ಎಂದಿದ್ದಾರೆ. ಕೋಶ ಓದುವ ಯೋಗ ನಮ್ಮಲ್ಲಿ ಹಲವರಿಗೆ ಹತ್ತನೆಯ ಕ್ಲಾಸಿಗೇ ಮುಗಿಯಿತು, ದೇಶವನ್ನಾದರೂ ಸುತ್ತೋಣ. ಸುತ್ತುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಯಾರಿಗಾಗಿ ಹೋಗುವುದು?

ಏಜೆಂಟರು ಮೊದಲು ಕೇಳುವುದು "ಬಜೆಟ್ ಎಷ್ಟು?" ಎಂದು. ನಾವು ಮೊದಲು ಕೇಳಿಕೊಳ್ಳಬೇಕಾದದ್ದು "ಯಾರಿಗಾಗಿ?" ಎಂದು. ಇದು ತೀರ್ಮಾನವಾಗದೆ ಬೇರೆ ಯಾವುದೂ ಸರಿಯಾಗುವುದಿಲ್ಲ. ಗಂಡಸರೆಲ್ಲ ಸೇರಿ ದಿನ ನಿಶ್ಚಯಿಸುತ್ತಾರೆ, ಹಡಗು ನಿಶ್ಚಯಿಸುತ್ತಾರೆ, ಹಡಗಿಗೆ ಹತ್ತಿದ ಮೇಲೆ ಇಸ್ಪೀಟಿಗೆ ಕೂರುತ್ತಾರೆ. ಹೆಂಗಸರು ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಮಗುವನ್ನು ಮಲಗಿಸುತ್ತ ಕೂರುತ್ತಾರೆ. ಇಂಥ ಪ್ರವಾಸಕ್ಕೆ ಹಡಗು ಬೇಕಾಗಿಲ್ಲ, ಲೋನಾವಳದ ಬಂಗಲೆಯೇ ಸಾಕು.

ನಮ್ಮ ಹೊಟೇಲುಗಳು ನಿಂತಿರುವುದು ಭಟ್ಟರ ಕೈಯ ಮೇಲೆ, ಮಾಲಕರ ನಿದ್ದೆಗೇಡಿನ ಮೇಲೆ ಎನ್ನುತ್ತೇವೆ. ಮನೆಯವರ ಹೆಸರು ಎಲ್ಲಿಯೂ ಬರುವುದಿಲ್ಲ. ಭಟ್ಟರು ಹೇಳದೆ ಕೇಳದೆ ಊರಿಗೆ ಹೋದ ದಿನ ಸಾಂಬಾರು ಪುಡಿ ಹುರಿದವರು ಯಾರು? ಕೆಲಸದ ಹುಡುಗರಿಗೆ ಜ್ವರ ಬಂದಾಗ ಗಂಜಿ ಕಳಿಸಿದವರು ಯಾರು? ರಾತ್ರಿ ಒಂದು ಗಂಟೆಗೆ ಬಾಗಿಲು ತೆಗೆದವರು ಯಾರು? ಮೂವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಮೂರು ದಿನ ಕುಳಿತು ಉಣ್ಣುವ ಅವಕಾಶವಾಗುವುದಾದರೆ, ಯಾವ ಹಡಗು, ಯಾವ ದಿನ, ಎಂಥ ಕೋಣೆ ಎಂಬುದನ್ನು ಅವರನ್ನು ಕೇಳಿಯೇ ನಿರ್ಧರಿಸಬೇಕು. ಜೊತೆಯಲ್ಲಿ ವಯಸ್ಸಾದ ತಾಯಿತಂದೆ ಇದ್ದರೆ ಅವರ ಮೊಣಕಾಲಿನ ಲೆಕ್ಕ, ಸಣ್ಣ ಮಕ್ಕಳಿದ್ದರೆ ಅವರ ನಿದ್ದೆಯ ಲೆಕ್ಕ ಬೇರೆ. ಹೆಚ್ಚಿನ ಕಂಪನಿಗಳು ಆರು ತಿಂಗಳೊಳಗಿನ ಕೂಸನ್ನೂ, 24 ವಾರ ತುಂಬಿದ ಬಸುರಿಯನ್ನೂ ಹತ್ತಿಸಿಕೊಳ್ಳುವುದಿಲ್ಲ. ಈ ವಿಷಯ ಬುಕ್ಕಿಂಗಿನ ಮೊದಲೇ ಗೊತ್ತಿರಬೇಕು.

ಎಲ್ಲಿಂದ, ಎಷ್ಟು ರಾತ್ರಿ, ಯಾವಾಗ?

ಮೊದಲ ಸಲ ಹೋಗುವವರು ವಿಮಾನ ಹತ್ತಿ ದೂರದೇಶಕ್ಕೆ ಹೋಗಿ ಹಡಗು ಹಿಡಿಯುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಸಮುದ್ರ ಮೈಗೆ ಒಗ್ಗುತ್ತದೋ ಇಲ್ಲವೋ ಎಂಬುದು ತಿಳಿಯಲು ಎರಡು ಮೂರು ರಾತ್ರಿ ಸಾಕು. ಮುಂಬಯಿಯವರಿಗೆ ಅನುಕೂಲ ಮನೆ ಬಾಗಿಲಲ್ಲೇ ಇದೆ. 2000ರ ದಶಕದಲ್ಲಿ ಸ್ಟಾರ್ ಕ್ರೂಸಿನ ಲಿಬ್ರಾ ಹಡಗು ಇಲ್ಲಿಂದ ಹೊರಡುತ್ತಿದ್ದುದು ಹಲವರಿಗೆ ನೆನಪಿರಬಹುದು. 2018ರಲ್ಲಿ ಗೋವಾಕ್ಕೆ ಆಂಗ್ರಿಯಾ ಆರಂಭವಾಯಿತು. 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೆ ಪ್ರವಾಸಗಳನ್ನು ನಡೆಸುತ್ತ ಬಂದಿದೆ. 2022ರ ಜೂನಿನಲ್ಲಿ ಅದೇ ಹಡಗು ಚೆನ್ನೈಯಿಂದಲೂ ಹೊರಟಿತು. 2023ರ ಜೂನಿನಲ್ಲಿ ಚೆನ್ನೈಯಿಂದ ಶ್ರೀಲಂಕೆಗೆ ಹೋಯಿತು. ಚೆನ್ನೈ, ಹೈದರಾಬಾದಿನ ನಮ್ಮ ಬಾಂಧವರಿಗೆ ಅದು ಹತ್ತಿರ. ಪುಣೆಯವರು ಮುಂಬಯಿಗೆ ಬರುವುದೇ ಸರಿ. ದಿಲ್ಲಿಯವರಿಗೆ ಹೇಗೂ ವಿಮಾನ ಬೇಕು. ಆದ್ದರಿಂದ ಅವರು ಸಿಂಗಾಪುರದ ಲೆಕ್ಕವನ್ನೂ ಹಾಕಿ ನೋಡಬಹುದು. ಅಲ್ಲಿಂದ ಮೂರು ನಾಲ್ಕು ರಾತ್ರಿಯ ಪ್ರವಾಸಗಳು ಹೊರಡುತ್ತವೆ. 2022ರ ಜೂನಿನಲ್ಲಿ ಅಲ್ಲಿ ಆರಂಭವಾದ ಗೆಂಟಿಂಗ್ ಡ್ರೀಮ್ ಹಡಗಿನಲ್ಲಿ ಭಾರತೀಯ ಸಸ್ಯಾಹಾರಕ್ಕೂ ಜೈನ ಊಟಕ್ಕೂ ವ್ಯವಸ್ಥೆ ಇದ್ದದ್ದು ನಮ್ಮವರನ್ನು ಸೆಳೆಯಿತು. ಆದರೆ ಒಂದು ಎಚ್ಚರಿಕೆ: ಹಡಗು ಸಿಂಗಾಪುರ ಬಿಟ್ಟು ಬೇರೆ ದೇಶ ಮುಟ್ಟಿ ಮರಳಿದರೆ ಅದು ಎರಡನೆಯ ಪ್ರವೇಶ. ಒಂದೇ ಸಲದ ವೀಸಾ ಇಟ್ಟುಕೊಂಡು ಹೋದರೆ ಬಂದರಿನಲ್ಲೇ ಪರದಾಡಬೇಕಾದೀತು.

ಯಾವಾಗ ಎಂಬುದು ನಮ್ಮ ಧಂದೆಯವರಿಗೆ ದೊಡ್ಡ ಪ್ರಶ್ನೆ. ಮದುವೆ ಮುಹೂರ್ತವಿರುವ ತಿಂಗಳಲ್ಲಿ ಕ್ಯಾಟರಿಂಗಿನವರು ಅಲ್ಲಾಡುವಂತಿಲ್ಲ. ಆಷಾಢದಲ್ಲಿ ಬಿಡುವಿದೆ, ಆದರೆ ಜೂನಿನಿಂದ ಸೆಪ್ಟೆಂಬರಿನ ತನಕ ಅರಬ್ಬೀ ಸಮುದ್ರ ಮಳೆಗಾಲದ ಸಮುದ್ರ. ಪಿತೃಪಕ್ಷವೂ ಮಳೆಯ ಬಾಲದಲ್ಲೇ ಬರುತ್ತದೆ. ಉಳಿದದ್ದು ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಾಂತಿಯ ತನಕ ನಮ್ಮಲ್ಲಿ ಮದುವೆಯಿಲ್ಲ, ಗುಜರಾತಿಗಳಿಗೂ ಕಮೂರ್ತಾ. ಆಗ ಅರಬ್ಬೀ ಸಮುದ್ರವೂ ಶಾಂತ. ಕ್ರಿಸ್‌ಮಸ್ ಹೊಸವರ್ಷದ ವಾರದಲ್ಲಿ ದರ ಏರುತ್ತದೆ, ಗದ್ದಲವೂ ಜಾಸ್ತಿ. ಆದ್ದರಿಂದ ಜನವರಿ ಮೊದಲ ವಾರ ಕಳೆದು ಸಂಕ್ರಾಂತಿಯೊಳಗೆ ಸಿಗುವ ಆ ಆರೇಳು ದಿನ, ಅದರಲ್ಲೂ ವಾರದ ನಡುವಿನ ದಿನಗಳು, ನಮ್ಮ ಉದ್ಯಮದವರಿಗೆ ಹೇಳಿ ಮಾಡಿಸಿದಂತಿವೆ. ಮಕ್ಕಳ ಶಾಲೆ ಎರಡು ದಿನ ತಪ್ಪೀತು, ಅಷ್ಟೆ.

ಬಂದರುಗಳ ಪಟ್ಟಿ ನೋಡಿ ಮರುಳಾಗುವುದೂ ಬೇಡ. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುವುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡುತ್ತೇವೆ. ಬೆಳಿಗ್ಗೆ ಇಳಿದವರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಅವರು ತುಳುನಾಡನ್ನು ನೋಡಿದರು ಎಂದು ನಾವು ಒಪ್ಪುತ್ತೇವೆಯೇ? ಬೇರೆ ಊರುಗಳಲ್ಲಿ ನಮ್ಮ ಸ್ಥಿತಿಯೂ ಅಷ್ಟೇ. ಊರು ನೋಡಬೇಕಾದರೆ ರೈಲಿನಲ್ಲಿ ಹೋಗಿ ಉಳಿಯಬೇಕು. ಹಡಗು ಇರುವುದು ವಿಶ್ರಾಂತಿಗೆ. ಲಕ್ಷದ್ವೀಪದ ವಿಷಯದಲ್ಲಿ ಇನ್ನೂ ಎರಡು ಮಾತು. ಅಲ್ಲಿಗೆ ನಾವು ಭಾರತೀಯರೂ ಪರ್ಮಿಟ್ ಪಡೆಯಬೇಕು. ದೊಡ್ಡ ಹಡಗು ದ್ವೀಪದ ದಡಕ್ಕೆ ಹೋಗುವುದಿಲ್ಲ. ಹೊರಗೆ ನಿಲ್ಲಿಸಿ ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಮೊಣಕಾಲು ನೋವಿನವರಿಗೆ ಅದು ಕಷ್ಟ. ಸಮುದ್ರ ಏರಿದರೆ ಇಳಿಸುವುದನ್ನೇ ಕೈಬಿಡಬಹುದು. ಹಾಗಾದರೆ ಹಣ ಹಿಂದೆ ಬರುತ್ತದೆಯೇ ಎಂಬುದನ್ನು ಕೇಳಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ಟಿಕೇಟಿನ ಹಣ ಬರುವುದಿಲ್ಲ.

ಪ್ಲೇಟಿನ ದರವೂ ಒಟ್ಟು ಬಿಲ್ಲೂ

ಕ್ಯಾಟರಿಂಗಿನವರಾದ ನಮಗೆ ಇದು ಚೆನ್ನಾಗಿ ಗೊತ್ತಿರುವ ಆಟ. ಪ್ಲೇಟಿಗೆ ಇಷ್ಟು ಎಂದು ಹೇಳುತ್ತೇವೆ. ಐಸ್‌ಕ್ರೀಮ್ ಬೇರೆ, ಬಿಸ್ಲೇರಿ ಬೇರೆ, ಲೈವ್ ಕೌಂಟರ್ ಬೇರೆ, ತೆರಿಗೆ ಬೇರೆ. ಹಡಗಿನವರದೂ ಅದೇ ಲೆಕ್ಕ. ಜಾಹೀರಾತಿನಲ್ಲಿ ಕಾಣುವ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್ನಿಗೆ ಇಬ್ಬರಾದರೆ. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ದಿನಕ್ಕೆ ಇಷ್ಟೆಂದು ಹಿಡಿಯುವ ಸೇವಾ ಭಕ್ಷೀಸು, ದಡದಲ್ಲಿ ಊರು ಸುತ್ತಿಸುವ ಬಸ್ಸು, ವೈಫೈ, ಮದ್ಯ, ತಂಪು ಪಾನೀಯ, ವಿಶೇಷ ರೆಸ್ಟೋರೆಂಟು. ಟಿಕೇಟಿನಲ್ಲಿ ಸೇರಿದ ಊಟ ಬಫೆಯದು ಮತ್ತು ಮುಖ್ಯ ಊಟದ ಹಾಲಿನದು ಮಾತ್ರ. 20,000 ಎಂದು ಕಂಡದ್ದು ಮನೆಗೆ ಬರುವಾಗ 30,000 ಆದರೆ ಅದರಲ್ಲಿ ಮೋಸವಿಲ್ಲ, ನಾವು ಕೇಳಲಿಲ್ಲ ಅಷ್ಟೆ. ಆದ್ದರಿಂದ ಎರಡು ಹಡಗುಗಳನ್ನು ತೂಗಿ ನೋಡುವಾಗ ಜಾಹೀರಾತಿನ ದರವನ್ನು ತೂಗಬಾರದು. "ನಾವು ನಾಲ್ಕು ಜನ, ಮನೆಯಿಂದ ಹೊರಟು ಮನೆಗೆ ಬರುವ ತನಕ ಎಷ್ಟು?" ಎಂದು ಬರವಣಿಗೆಯಲ್ಲಿ ಕೇಳಬೇಕು. ವಿದೇಶ ಪ್ರವಾಸದ ಪ್ಯಾಕೇಜಿಗೆ 2020ರ ಅಕ್ಟೋಬರಿನಿಂದ ಟಿಸಿಎಸ್ ಹಿಡಿಯುತ್ತಾರೆ. ಅದರ ದರ ಆಗಾಗ ಬದಲಾಗಿದೆ, ಬುಕ್ ಮಾಡುವ ದಿನದ ದರ ಕೇಳಿ. ಅದು ಕಳೆದುಹೋಗುವ ಹಣವಲ್ಲ, ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು. ರಸೀತಿಯನ್ನು ಸಿಎಯವರ ಕೈಗೆ ಕೊಡಲು ಮರೆಯಬಾರದು.

ಕೋಣೆಯ ಆಯ್ಕೆಯಲ್ಲಿ ಸ್ವಲ್ಪ ಹಣ ಹೆಚ್ಚು ಹಾಕುವುದು ತಪ್ಪಲ್ಲ. ಒಳಗಿನ ಕ್ಯಾಬಿನ್ನಿಗೆ ಕಿಟಕಿ ಇರುವುದಿಲ್ಲ. ಬೆಳಗೋ ರಾತ್ರಿಯೋ ತಿಳಿಯುವುದಿಲ್ಲ. ಮಲಗಲು ಮಾತ್ರ ಹೋಗುವ ಹುಡುಗರಿಗೆ ಅದು ಸಾಕು. ವಯಸ್ಸಾದವರಿಗೆ ಕಿಟಕಿಯಾದರೂ ಬೇಕು. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಅಲುಗಾಟ ಕಡಿಮೆ. ಮೂತಿಯ ಕಡೆ ಮತ್ತು ಮೇಲಕ್ಕೆ ಹೋದಷ್ಟೂ ಹೆಚ್ಚು. ಈಜುಕೊಳದ ಕೆಳಗಿನ ಕ್ಯಾಬಿನ್ನಿನಲ್ಲಿ ಬೆಳಗ್ಗೆಯೇ ಕುರ್ಚಿ ಎಳೆಯುವ ಸದ್ದು, ಅಡುಗೆಮನೆಯ ಪಕ್ಕದ ಕ್ಯಾಬಿನ್ನಿನಲ್ಲಿ ಪಾತ್ರೆಯ ಸದ್ದು. ಪಾತ್ರೆಯ ಸದ್ದು ಕೇಳಲು ಹಡಗಿಗೇಕೆ ಹೋಗಬೇಕು? ಹಡಗಿನ ನಕ್ಷೆ ತರಿಸಿ, ಕ್ಯಾಬಿನ್ನಿನ ನಂಬರನ್ನು ಗುರುತು ಮಾಡಿಸಿಕೊಂಡೇ ಹಣ ಕೊಡಬೇಕು.

ಅಡುಗೆಮನೆಯನ್ನು ಅಳೆಯುವುದು

ನಮ್ಮ ನಿಜವಾದ ಪರೀಕ್ಷೆ ಇಲ್ಲಿ. ಸಸ್ಯಾಹಾರ ಸಿಗುತ್ತದೆಯೇ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. ಪ್ರತ್ಯೇಕ ಅಡುಗೆಮನೆಯೋ, ಅದೇ ಅಡುಗೆಮನೆಯಲ್ಲಿ ಪ್ರತ್ಯೇಕ ಕೌಂಟರೋ? ಎಣ್ಣೆ, ಬಾಣಲೆ, ಚಾಕು ಬೇರೆಯೇ? ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟವನ್ನು ಎಷ್ಟು ದಿನ ಮುಂಚೆ ತಿಳಿಸಬೇಕು? ಏಕಾದಶಿಯ ದಿನ ಹಣ್ಣು ಹಾಲಿನ ವ್ಯವಸ್ಥೆ ಇದೆಯೇ? ಸಕ್ಕರೆ ಕಾಯಿಲೆಯವರಿಗೆ ಏನು? ಮನೆಯಿಂದ ಡಬ್ಬಿ ಕಟ್ಟಿಕೊಂಡು ಹೋಗುತ್ತೇವೆ ಎಂದರೆ ಸಾಮಾನ್ಯವಾಗಿ ಬಿಡುವುದಿಲ್ಲ. ನಮ್ಮ ಹೊಟೇಲಿಗೆ ಹೊರಗಿನ ತಿಂಡಿ ತರಬಾರದು ಎಂದು ನಾವೇ ಬೋರ್ಡು ಹಾಕುವವರಲ್ಲವೇ!

ಶುಚಿತ್ವದ ವಿಷಯದಲ್ಲಿ ನಾವೆಲ್ಲ ತಿಳಿದುಕೊಳ್ಳಬೇಕಾದ ಒಂದು ವ್ಯವಸ್ಥೆ ಇದೆ. ಅಮೆರಿಕದ ಬಂದರುಗಳಿಗೆ ಹೋಗುವ ಕ್ರೂಸ್ ಹಡಗುಗಳನ್ನು ಅಲ್ಲಿನ ಸರ್ಕಾರದ ಸಿಡಿಸಿ ಸಂಸ್ಥೆ ಮುನ್ಸೂಚನೆ ಕೊಡದೆ ಬಂದು ತಪಾಸಣೆ ಮಾಡುತ್ತದೆ. 1970ರ ದಶಕದಲ್ಲಿ ಆರಂಭವಾದ ಈ ಕ್ರಮದಲ್ಲಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾರೆ. 85 ಬಂದರೂ ಫೇಲು, 86 ಬೇಕು! ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ 35 ಬಂದರೆ ಪಾಸು. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿಗಿಂತ ಮೇಲೇರಬಾರದು ಎಂಬುದು ಅವರ ನಿಯಮ. ಯಾವ ಹಡಗಿಗೆ ಎಷ್ಟು ಅಂಕ ಬಂತು, ಏನು ತಪ್ಪು ಸಿಕ್ಕಿತು ಎಂಬುದೆಲ್ಲ ಬಹಿರಂಗ. ಅಮೆರಿಕ, ಅಲಾಸ್ಕಾ ಕಡೆ ಮಕ್ಕಳ ಮನೆಗೆ ಹೋಗಿ ಅಲ್ಲಿಂದ ಕ್ರೂಸ್ ಹತ್ತುವ ಸದಸ್ಯರು ಮಕ್ಕಳ ಹತ್ತಿರ ಇದನ್ನು ತೆಗೆಸಿ ನೋಡಬಹುದು. ನಮ್ಮ ಕಡೆ ಮಾತ್ರ ಓಡಾಡುವ ಹಡಗುಗಳಿಗೆ ಆ ಅಂಕಪಟ್ಟಿ ಇಲ್ಲ. ಅಲ್ಲಿ ನಮ್ಮ ಕಣ್ಣೇ ತಪಾಸಣೆ. ಊಟದ ಹಾಲಿನ ಬಾಗಿಲಲ್ಲಿ ಕೈ ತೊಳೆಯುವ ವ್ಯವಸ್ಥೆ ಇದೆಯೇ, ಬಫೆಯ ಸೌಟುಗಳನ್ನು ಬದಲಾಯಿಸುತ್ತಾರೆಯೇ, ತಳದಲ್ಲಿ ಉಳಿದದ್ದರ ಮೇಲೆಯೇ ಹೊಸದನ್ನು ಸುರಿಯುತ್ತಾರೆಯೇ ಎಂಬುದು ನಮಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಹಡಗಿನಲ್ಲಿ ವಾಂತಿಭೇದಿ ಹರಡುವ ನೋರೋವೈರಸ್ ಎಂಬ ಪಿಡುಗು ಕೈಯಿಂದ ಕೈಗೆ, ಸೌಟಿನಿಂದ ಸೌಟಿಗೆ ದಾಟುತ್ತದೆ. ಸೋಪು ಹಚ್ಚಿ ಕೈ ತೊಳೆಯುವುದೇ ಅದಕ್ಕೆ ಮೊದಲ ಮದ್ದು.

ಹಡಗಿನ ಗಾತ್ರ ನೋಡಿ ಬೆರಗಾಗುವ ಬದಲು ಒಂದು ಸಣ್ಣ ಭಾಗಾಕಾರ ಮಾಡಬೇಕು. ಹಡಗಿನ ಒಳಗಿನ ಜಾಗದ ಅಳತೆಗೆ ಗ್ರಾಸ್ ಟನ್ನೇಜ್ ಎನ್ನುತ್ತಾರೆ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬರಿಗೆ ಎಷ್ಟು ಜಾಗ ಎಂಬ ಅಂದಾಜು ಸಿಗುತ್ತದೆ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಹೊರಟ ಐಕಾನ್ ಆಫ್ ದಿ ಸೀಸ್ ಹಡಗು ಸುಮಾರು 2,48,000 ಟನ್ನಿನದು. ಕ್ಯಾಬಿನ್ನಿಗೆ ಇಬ್ಬರಂತೆ 5,610 ಜನ. ಒಬ್ಬರಿಗೆ 44 ಬಂತು. ಮುಂಬಯಿಯ ಎಂಪ್ರೆಸ್ ಸುಮಾರು 48,000 ಟನ್, ಇಬ್ಬರಂತೆ ಲೆಕ್ಕ ಹಾಕಿದರೆ ಸುಮಾರು 1,600 ಜನ, ಒಬ್ಬರಿಗೆ 30. ರಜೆಯ ದಿನಗಳಲ್ಲಿ ಒಂದೇ ಕ್ಯಾಬಿನ್ನಿನಲ್ಲಿ ಮೂರು ನಾಲ್ಕು ಜನ ಸೇರಿದರೆ ಅದು ಇನ್ನೂ ಇಳಿಯುತ್ತದೆ. ಎರಡೂ ಹಡಗು ಬೇರೆ ಬೇರೆ ಜಾತಿಯವು, ದರವೂ ಬೇರೆ. ಚಿಕ್ಕ ಹಡಗು ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಉಡುಪಿ ಹೊಟೇಲಿನ ಎಂಟು ಟೇಬಲ್ಲಿನಲ್ಲಿ ಸಿಗುವ ಬಿಸಿ ದೋಸೆ ಐನೂರು ಜನರ ಹಾಲಿನಲ್ಲಿ ಸಿಗುವುದಿಲ್ಲ. ಆದರೆ ಲಿಫ್ಟಿಗೆ, ಊಟಕ್ಕೆ, ಇಳಿಯುವುದಕ್ಕೆ ಎಷ್ಟು ಕಾಯಬೇಕು ಎಂಬುದು ಈ ಲೆಕ್ಕದಿಂದ ಮೊದಲೇ ಅಂದಾಜಾಗುತ್ತದೆ.

ಜೀವದ ಮಾತು, ದುಡ್ಡಿನ ಮಾತು

1947ರ ಜುಲೈ 17ರಂದು ಮುಂಬಯಿಯಿಂದ ರೇವಸಕ್ಕೆ ಹೊರಟ ರಾಮದಾಸ್ ಸ್ಟೀಮರ್ ಮಳೆಗಾಲದ ಸಮುದ್ರದಲ್ಲಿ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಈಗಿನ ಹಡಗುಗಳು ಹಾಗಿಲ್ಲ ನಿಜ. ಆದರೂ 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಬಂಡೆಗೆ ತಾಗಿ ಮಗುಚಿ 32 ಜನ ಪ್ರಾಣ ಬಿಟ್ಟರು. ಆ ದಿನ ಹತ್ತಿದ ನೂರಾರು ಮಂದಿಗೆ ಜೀವರಕ್ಷಣೆಯ ತಾಲೀಮು ಇನ್ನೂ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ತಾಲೀಮು ನಡೆಯಬೇಕು. ಸೈರನ್ ಆದಾಗ ನಮ್ಮವರು ಬಫೆಯ ಕಡೆಗೆ ನಡೆಯುವುದು ಬೇಡ. ಮಕ್ಕಳನ್ನು ಕರೆದುಕೊಂಡು ಹೇಳಿದ ಜಾಗಕ್ಕೆ ಹೋಗಿ ನಿಲ್ಲಬೇಕು.

ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅವರ ಬಿಲ್ಲು ದುಬಾರಿ. ಆದ್ದರಿಂದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ದಿನದ್ದು ಹೆಚ್ಚೇ ಇಟ್ಟುಕೊಂಡು, ಅದನ್ನು ಕೈಚೀಲದಲ್ಲಿಯೇ ಇಡಬೇಕು. ವಿದೇಶ ಪ್ರವಾಸಕ್ಕೆ ವಿಮೆ ಇಲ್ಲದೆ ಹೋಗಲೇಬಾರದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆದಾಗ ಒಳಗೆ 3,711 ಜನರಿದ್ದರು, 700ಕ್ಕೂ ಹೆಚ್ಚು ಮಂದಿಗೆ ಕೊರೋನಾ ತಗಲಿತು.

ಕಂಪನಿಗಳ ಆಯುಷ್ಯದ ಮೇಲೂ ಕಣ್ಣಿರಲಿ. 2019ರಲ್ಲಿ ಮುಂಬಯಿಯಿಂದ ಸಂಭ್ರಮದಲ್ಲಿ ಹೊರಟ ಕರ್ಣಿಕಾ ಹಡಗು ಕೊರೋನಾ ಕಾಲದಲ್ಲಿ ನಿಂತು, 2020ರ ನವೆಂಬರಿನಲ್ಲಿ ಗುಜರಾತಿನ ಅಲಂಗದಲ್ಲಿ ಗುಜರಿಗೆ ಹೋಯಿತು. ಸ್ಟಾರ್ ಕ್ರೂಸಿನ ಒಡೆತನ ಹೊಂದಿದ್ದ ಗೆಂಟಿಂಗ್ ಹಾಂಗ್‌ಕಾಂಗ್ ಕಂಪನಿ 2022ರ ಜನವರಿಯಲ್ಲಿ ದಿವಾಳಿಯ ಅರ್ಜಿ ಹಾಕಿತು. ಕಂಪನಿ ದೊಡ್ಡದು ಎಂಬುದೊಂದೇ ಭರವಸೆಯಲ್ಲ. ಒಂದು ವರ್ಷದ ಮುಂಚೆ ಪೂರ್ತಿ ಹಣ ಕಟ್ಟಿದರೆ ರಿಯಾಯಿತಿ ಎಂದರೆ ನಾವು ಅವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ. ಹಂತ ಹಂತವಾಗಿ ಕಟ್ಟಬೇಕು, ರದ್ದಾದರೆ ಎಷ್ಟು ದಿನದಲ್ಲಿ ಎಷ್ಟು ಮರಳುತ್ತದೆ ಎಂಬ ಕಾಗದ ಕೈಯಲ್ಲಿರಬೇಕು.

ಪುಕ್ಕಟೆ ಕ್ರೂಸ್ ಎಂಬುದು ಇಲ್ಲ

ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಹೇಳಬೇಕು. ಇಷ್ಟು ಡಬ್ಬಿ ಎಣ್ಣೆ ಎತ್ತಿದರೆ, ಇಷ್ಟು ಮೂಟೆ ಮಸಾಲೆ ಎತ್ತಿದರೆ, ದಂಪತಿಗೆ ಕ್ರೂಸ್ ಪುಕ್ಕಟೆ ಎಂಬ ಸ್ಕೀಮುಗಳು ನಮ್ಮ ಉದ್ಯಮಕ್ಕೆ ಬಂದಿವೆ. ಗುರಿ ಮುಟ್ಟಲು ಮಾರ್ಚಿನಲ್ಲಿ ಗೋಡೌನು ತುಂಬಿಸಿಕೊಂಡು, ಆ ಮಾಲನ್ನು ಜೂನಿನ ತನಕ ಉಪಯೋಗಿಸುವವರಿದ್ದಾರೆ. ಹಣ ಮಾಲಿನಲ್ಲಿ ಸಿಕ್ಕಿಬೀಳುತ್ತದೆ, ತೇವಕ್ಕೆ ಮಸಾಲೆಯ ಘಮ ಹೋಗುತ್ತದೆ, ಸಾಂಬಾರಿನ ರುಚಿ ಕೆಡುತ್ತದೆ, ಗಿರಾಕಿ ಎದುರಿನ ಹೊಟೇಲಿಗೆ ಹೋಗುತ್ತಾನೆ. ಆ ಕ್ರೂಸಿನ ಬೆಲೆಯನ್ನು ನಾವು ಒಂದಕ್ಕೆರಡು ಕೊಟ್ಟಾಗಿರುತ್ತದೆ. ಹೋಗುವುದಾದರೆ ಸ್ವಂತ ದುಡ್ಡಿನಲ್ಲಿ, ನಮಗೆ ಬೇಕಾದ ದಿನ, ನಮಗೆ ಬೇಕಾದ ಕೋಣೆಯಲ್ಲಿ ಹೋಗಬೇಕು. ಪುಕ್ಕಟೆಯಾಗಿ ಹೋದವನು ಕೋಣೆಯ ಬಗ್ಗೆ ತಕರಾರು ಮಾಡುವಂತಿಲ್ಲ.

ಇನ್ನೊಂದು ಪ್ರಶ್ನೆ. ನಾವು ಹಡಗಿನಲ್ಲಿ ಇರುವಾಗ ಇಲ್ಲಿ ಗಲ್ಲೆಯಲ್ಲಿ ಯಾರು? ಮೂರು ದಿನ ಮಾಲಕರಿಲ್ಲದೆ ನಡೆಯದ ಹೊಟೇಲು ಗಟ್ಟಿ ಹೊಟೇಲಲ್ಲ. ಮಗನಿಗೋ ಮ್ಯಾನೇಜರನಿಗೋ ಮೊದಲು ಒಂದು ದಿನ, ಆಮೇಲೆ ಎರಡು ದಿನ ಬಿಟ್ಟುಕೊಟ್ಟು ಅಭ್ಯಾಸ ಮಾಡಿಸಬೇಕು. ಇಂದಿನ ಕಾಲದಲ್ಲಿ ಮಕ್ಕಳು ಈ ಉದ್ಯಮಕ್ಕೆ ಬರಲು ಹಿಂಜರಿಯುವುದಕ್ಕೆ ಮುಖ್ಯ ಕಾರಣ "ಅಪ್ಪನಿಗೆ ಒಂದು ದಿನವೂ ರಜೆ ಇರಲಿಲ್ಲ" ಎಂಬುದು. ಅವರು ನೋಡಿದ್ದನ್ನೇ ಹೇಳುತ್ತಾರೆ.

ಹಡಗಿನ ಅಡುಗೆಮನೆಯಲ್ಲಿ, ಕ್ಯಾಬಿನ್ನುಗಳಲ್ಲಿ ಕೆಲಸ ಮಾಡುವವರಲ್ಲಿ ಮಂಗಳೂರು, ಗೋವಾ ಕಡೆಯ ನಮ್ಮ ಹುಡುಗರು ಬಹಳ. ಡೈಮಂಡ್ ಪ್ರಿನ್ಸೆಸ್‌ನಲ್ಲಿ ಸಿಕ್ಕಿಕೊಂಡ 138 ಭಾರತೀಯರಲ್ಲಿ 132 ಮಂದಿ ನೌಕರರು, ಪ್ರಯಾಣಿಕರು ಆರೇ ಮಂದಿ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು ಅವರು. ಆದರೂ ಅವರಿಗೆ ದಿನದ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕೆಂದು ಅಂತರರಾಷ್ಟ್ರೀಯ ಒಪ್ಪಂದವಿದೆ. 2015ರಲ್ಲಿ ಭಾರತವೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಹಡಗಿನಲ್ಲಿ ಕುಂದಾಪುರದ ಹುಡುಗನೊಬ್ಬ ಸಿಕ್ಕಿ ಕನ್ನಡದಲ್ಲಿ ಮಾತಾಡಿದರೆ ನಮಗೆ ಸಂತೋಷವಾಗುತ್ತದೆ, ಭಕ್ಷೀಸು ಹೆಚ್ಚೇ ಕೊಡುತ್ತೇವೆ. ನಮ್ಮದೇ ಹೊಟೇಲಿನ ಹುಡುಗನಿಗೆ ವಾರದ ರಜೆ ಸರಿಯಾಗಿ ಸಿಗುತ್ತದೆಯೇ ಎಂಬುದನ್ನು ಟಿಕೇಟು ತೆಗೆಯುವ ಮೊದಲು ನೋಡಿಕೊಳ್ಳೋಣ. ನಾವು ಹೋಗಿ ಬಂದ ಮೇಲೆ ಹೊಟೇಲು ನೋಡಿಕೊಂಡವರಿಗೆ ಸರದಿಯಂತೆ ಮೂರು ದಿನ ಸಂಬಳ ಸಹಿತ ರಜೆ ಕೊಟ್ಟರೆ ನಮ್ಮ ಪ್ರವಾಸಕ್ಕೂ ಒಂದು ಗೌರವ.

ಅಸೋಸಿಯೇಷನಿಗೆ ನಮ್ಮ ಸಲಹೆ

ಸಾಮೂಹಿಕ ಪ್ರವಾಸ ಮಾಡುವುದಾದರೆ ಕಾರ್ಯಕಾರಿ ಸಮಿತಿಯ ನಾಲ್ಕು ಗಂಡಸರು ಕೂತು ನಿರ್ಧರಿಸುವುದು ಬೇಡ. ಒಂದು ಸಣ್ಣ ಉಪಸಮಿತಿ ಇರಲಿ, ಅದರಲ್ಲಿ ಅರ್ಧಕ್ಕರ್ಧ ಮಹಿಳಾ ವಿಭಾಗದವರಿರಲಿ. ಮೂವರು ಏಜೆಂಟರಿಂದ ಪೂರ್ತಿ ಖರ್ಚಿನ ದರಪಟ್ಟಿ ಬರಲಿ. ಊಟದ ವ್ಯವಸ್ಥೆ, ರದ್ದತಿಯ ನಿಯಮ, ಕ್ಯಾಬಿನ್ನಿನ ಜಾಗ, ಈ ಮೂರೂ ಬರವಣಿಗೆಯಲ್ಲಿರಲಿ. ಯಾವ ಪೂರೈಕೆದಾರ ಕಂಪನಿಯ ಪ್ರಾಯೋಜಕತ್ವವೂ ಬೇಡ. ಸಣ್ಣ ಹೊಟೇಲಿನವರಿಗೆ ಕಂತಿನಲ್ಲಿ ಕಟ್ಟುವ ಅನುಕೂಲ ಇರಲಿ; ಬರಲಾಗದವರನ್ನು ಯಾರೂ ಕೇಳಿ ಮುಜುಗರ ಮಾಡಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಅವಮಾನವಲ್ಲ. ಹೋಗಿ ಬಂದವರು ಫೋಟೋ ಮಾತ್ರ ಕಳಿಸದೆ, ಎಷ್ಟು ಖರ್ಚಾಯಿತು, ಊಟ ಹೇಗಿತ್ತು, ಏನು ಸರಿಯಿರಲಿಲ್ಲ ಎಂಬುದನ್ನು ನಾಲ್ಕು ಸಾಲು ಬರೆದು ಕೊಡಲಿ. ಮುಂದೆ ಹೋಗುವ ಸದಸ್ಯರಿಗೆ ಯಾವ ಜಾಹೀರಾತಿಗಿಂತಲೂ ಅದು ಹೆಚ್ಚು ಉಪಯೋಗವಾದೀತು.

ಮುಂದಿನ ಸಭೆಯಲ್ಲಿ ಈ ವಿಷಯ ಬಂದಾಗ ಸದಸ್ಯ ಬಾಂಧವರು ತಮ್ಮ ಅಭಿಪ್ರಾಯವನ್ನು ಮುಕ್ತವಾಗಿ ಹೇಳಬೇಕೆಂದು ಕೋರುತ್ತೇವೆ. ಅದಕ್ಕೂ ಮೊದಲು ಮನೆಯಲ್ಲಿ ಕೇಳಿಕೊಂಡು ಬರಬೇಕೆಂಬುದು ನಮ್ಮ ವಿನಂತಿ.